ತಾಮ್ರದ ಕೊಡದ ಮೇಲಿನ ಹೆಸರು

“ಏಳ್ರಿ ಮ್ಯಾಲ. ಇದು ಹೆಣ್ಣಮಕ್ಕಳ ಸೀಟು.”

ಗೋಕಾಕದಿಂದ ಮೂಡಲಗಿಗೆ ಹೊರಟಿದ್ದ ಬಸ್ಸು ಅರಭಾವಿಯಲ್ಲಿ ಜನ ತುಂಬಿಕೊಂಡು ಆಗಷ್ಟೇ ಚಲಿಸಿತ್ತು. ಕಾಲಿಡಲೂ ಜಾಗವಿಲ್ಲದ ಆ ಗದ್ದಲದಲ್ಲಿ ತರುಣನೊಬ್ಬ ಸಸಿಗಳ ಟ್ರೇಯನ್ನು ಕಿಟಕಿಯ ಪಕ್ಕ ಕೂರಿಸಿ, ತಾನೂ ಆರಾಮಾಗಿ ಕೂತಿದ್ದ.

ಅವನು ತಲೆ ಎತ್ತಿದ. ಖಾಕಿ ಅಂಗಿ, ಕೈಯಲ್ಲಿ ಟಿಕೆಟ್ ಮಷಿನ್, ಎದೆಯ ಮೇಲೆ ಹೆಸರಿನ ಬಿಲ್ಲೆ... ಮೇಘಾ ಸತ್ಯಪ್ಪ, ನಿರ್ವಾಹಕಿ.

“ನಾ ಏಳ್ತೀನ್ರಿ. ಇವು ಕೂಡ್ಲಿ. ಪಪ್ಪಾಯಿ ಸಸಿ... ಹೆಣ್ಣ ಅದಾವ.”

ಬಸ್ಸಿನಲ್ಲಿ ನಗು ಎದ್ದಿತು. ಮೇಘಾ ನಗಲಿಲ್ಲ.

“ಹೂ ಬಿಡೂತನಕ ಪಪ್ಪಾಯಿ ಹೆಣ್ಣೋ ಗಂಡೋ ಯಾರಿಗೂ ಗೊತ್ತಾಗೂದಿಲ್ಲ. ಕಲ್ಲೋಳ್ಯಾಗ ನಮ್ಮಪ್ಪನೂ ಹಚ್ಚ್ಯಾನ. ಲಗೇಜ್ ರೊಕ್ಕಾ ತಗೀರಿ.”

“ಹೆಣ್ಣಮಕ್ಕಳಿಗೆ ಫ್ರೀ ಅಲ್ಲೇನ್ರಿ?”

“ಹಂಗಾರ ಆಧಾರ್ ಕಾರ್ಡ್ ತೋರಸಾಕ ಹೇಳ್ರಿ ಅವಕ್ಕ.”

ಈ ಸಲ ಅವನೂ ನಕ್ಕುಬಿಟ್ಟ. ಎದ್ದು ನಿಂತು, ಟ್ರೇಯನ್ನು ತೊಡೆಯಷ್ಟೆತ್ತರಕ್ಕೆ ಹಿಡಿದುಕೊಂಡು ಮೂಡಲಗಿಯವರೆಗೆ ತೂಗಾಡುತ್ತ ಹೋದ. ಇಳಿಯುವಾಗ ತಿರುಗಿ ನೋಡಿದ. ಮೇಘಾ ಬೇಗನೆ ಮಷಿನ್ ಕಡೆ ಕಣ್ಣು ಇಳಿಸಿದಳು. ‘ಎಂಥಾ ಮನಶ್ಯಾನೋ...’ ಅಂದುಕೊಂಡವಳಿಗೆ ತುಟಿಯ ಮೇಲಿನ ನಗುವನ್ನು ಅಡಗಿಸಲು ಆಗಲಿಲ್ಲ.

ಅವನು ಮಸಗುಪ್ಪಿಯ ಶಿವಪುತ್ರ. ಅರಭಾವಿಯ ನರ್ಸರಿಯೊಂದರಲ್ಲಿ ಸಸಿ ಬೆಳೆಸುವ ಕೆಲಸ. ಮರುದಿನವೂ ಅದೇ ಬಸ್ಸು ಹತ್ತಿದ. ಅದರ ಮರುದಿನವೂ. ಒಂದು ತಿಂಗಳು ಕಳೆದ ಮೇಲೆ ಒಂದು ಪಪ್ಪಾಯಿ ಸಸಿ ತಂದು ಅವಳ ಕೈಗಿಟ್ಟ. ಅದಕ್ಕೆ ಕಟ್ಟಿದ್ದ ಚೀಟಿಯಲ್ಲಿ ದುಂಡಗಿನ ಅಕ್ಷರಗಳಲ್ಲಿ ‘ಮೇಘಾ’ ಎಂದು ಬರೆದಿತ್ತು.

ಅವಳ ಹೆಸರು ಅವಳಿಗೇ ಅಷ್ಟು ಚೆಂದ ಕಂಡದ್ದು ಎರಡನೆಯ ಸಲ. ಮೊದಲ ಸಲ, ಕೆಲಸಕ್ಕೆ ಸೇರಿದ ದಿನ. ಅಂದು ಓದಲು ಬಾರದ ಅವ್ವ ಆ ಬಿಲ್ಲೆಯ ಮೇಲೆ ಬೆರಳಾಡಿಸಿ, “ಇದರಾಗ ನೀ ಎಲ್ಲಿದ್ದೀ ತೋರ್ಸು” ಎಂದಿದ್ದಳು.

ಎರಡೂ ಮನೆಯವರು ಒಪ್ಪಿದರು. ನಿಶ್ಚಯವೂ ಆಯಿತು. ಮದುವೆಗೆ ಇನ್ನು ಇಪ್ಪತ್ತೇ ದಿನ!

ಆಗ ಬಸ್ಸು ಹತ್ತಿದವಳು ರಾಮವ್ವ ಎಂಬ ಮುದುಕಿ.

ಮೂಡಲಗಿಯ ನಿಲ್ದಾಣದಲ್ಲಿ ಹತ್ತಿ, ಹೊಸ ತಾಮ್ರದ ಕೊಡವನ್ನು ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಟಿಕೆಟ್ ಕೊಡುತ್ತಾ ಮೇಘಾ ಸುಮ್ಮನೆ ಕೊಡದ ಮೇಲೆ ಕಣ್ಣಾಡಿಸಿದಳು.

‘ಸೌ. ಭಾಗ್ಯಶ್ರೀ ಶಿವಪುತ್ರ, ಮಸಗುಪ್ಪಿ.’

ಮೇಘಾ ಮತ್ತೊಮ್ಮೆ ಓದಿದಳು. ಯಾರೀಕೆ? ಬೇರೆ ಯಾರನ್ನೋ...?

“ಅಜ್ಜಿ, ಇದು ಯಾರ ಕೊಡರಿ?”

“ನಮ್ಮ ಅಳಿಯನ ಮದುವಿ ಐತಿ ಬೇ, ನಮ್ಮಣ್ಣನ ಮಗಾ. ನಿಶ್ಚಯಕ್ಕ ನನಗ ಬರಾಕ ಆಗ್ಲಿಲ್ಲ. ಹುಡುಗಿ ನಿನ್ನಂಗ ಕಂಡಕ್ಟರ್ ಅಂತ.”

“ಆ ಹುಡುಗಿ ಹೆಸರ ಭಾಗ್ಯಶ್ರೀ ಅಂತೇನ್ರಿ?”

“ಹೆಸರ ಏನೋ ಇತ್ತು. ಮದುವಿ ಆದಮ್ಯಾಗ ಅದ್ಯಾತಕ ಬೇಕು? ಇದು ನಮ್ಮ ಮನಿ ಹೆಸರು. ಶಿವಪುತ್ರನ ಬರದ ಕೊಟ್ಟಾನ ನೋಡು.”

ರಾಮವ್ವ ಸೆರಗಿನ ಗಂಟಿನಿಂದ ಚೀಟಿ ತೆಗೆದಳು. ಅದೇ ದುಂಡಗಿನ ಅಕ್ಷರ. ಸಸಿಗೆ ಕಟ್ಟಿದ್ದ ಅದೇ ಕೈಬರಹ.

ಆ ಸಂಜೆ ಅರಭಾವಿಯಲ್ಲಿ ನಗುತ್ತ ಹತ್ತಿದವನಿಗೆ ಮೇಘಾ ಟಿಕೆಟ್ ಹರಿದು ಕೊಡುವಾಗಲೇ ಕೇಳಿದಳು.

“ಭಾಗ್ಯಶ್ರೀ ಯಾರು?”

ಅವನ ಮುಖ ಇಳಿಯಿತು. “ಅವ್ವ ಬರಿ ಅಂದ್ಲು, ಬರದೆ. ಎಲ್ಲಾರ ಮನ್ಯಾಗೂ ಬದಲಿ ಮಾಡ್ತಾರಲಾ ಮೇಘಾ... ಕಾಗದದಾಗ ನಿಂದು ಹಂಗ ಇರ್ತೈತಿ. ಮನ್ಯಾಗ ಅಷ್ಟ.”

“ಮನ್ಯಾಗ ಅಷ್ಟ ನಾ ಸತ್ತರ ಸಾಕೇನು?”

“ಹಂಗ್ಯಾಕ ಮಾತಾಡ್ತಿ...”

“ಬರಿಯೂಕಿಂತ ಮೊದಲ ನನ್ನ ಒಂದ ಮಾತ ಕೇಳಿದ್ರೇನು?”

ಅವನು ಟಿಕೆಟ್ಟನ್ನು ಮಡಚಿ ಜೇಬಿಗಿಟ್ಟ.

“ಹೋಗ್ಲಿ, ನಿಮ್ಮವ್ವನ ತವರಮನಿ ಹೆಸರ ಏನು?”

“ಶೆಟ್ಟೆವ್ವ...”

“ಅದು ನಿಮ್ಮ ಮನಿ ಇಟ್ಟಿದ್ದಿರಬೇಕು. ಆಕಿ ಹುಟ್ಟಿದಾಗ?”

ಅವನಿಗೆ ಗೊತ್ತಿರಲಿಲ್ಲ. ಮೂವತ್ತು ವರ್ಷದಲ್ಲಿ ಆ ಪ್ರಶ್ನೆ ಅವನಿಗೆ ಹೊಳೆದೂ ಇರಲಿಲ್ಲ.

“ಹೋಗಿ ಕೇಳ್ಕೊಂಡ ಬರ್ರಿ. ಅಲ್ಲಿತನಕ ಮದುವಿ ಮಾತ ಬ್ಯಾಡ.”

ಸೀಟಿ ಊದಿದಳು. ಬಸ್ಸು ನಿಂತಿತು. ಅವನು ಊರಿಲ್ಲದ ಕಡೆಯೇ ಇಳಿದುಹೋದ.

ಮನೆಯಲ್ಲಿ ಅಪ್ಪ ಸತ್ಯಪ್ಪ ತಲೆಯ ಮೇಲೆ ಕೈಹೊತ್ತು ಕೂತ. “ಒಂದ ಹೆಸರಿಗೆ ಮದುವಿ ಮುರಕೋತಿಯೇನವ್ವಾ? ನಿಮ್ಮವ್ವಂದೂ ಬದಲಿ ಆಗೈತಿ. ಆಕಿಗೇನಾಗೈತಿ?”

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಸಪ್ಪಳ ನಿಂತಿತು.

“ನನ್ನ ಯಾರೂ ಕೇಳಿರಲಿಲ್ಲ,” ಎಂದಳು ಅವ್ವ. “ಆಕಿನ್ನ ಕೇಳ್ರಿ.”

ಎಂಟು ದಿನ ಕಳೆದವು. ಪ್ರತಿ ಸಂಜೆ ಅರಭಾವಿ ಬಂದಾಗ ಮೇಘಾಳ ಕಣ್ಣು ತನಗೆ ತಾನೇ ಬಾಗಿಲ ಕಡೆ ಹೋಗುತ್ತಿತ್ತು. ‘ಬರೂದು ಬ್ಯಾಡ...’ ಎನ್ನುತ್ತಿತ್ತು ಸಿಟ್ಟು. ‘ಬರದೇ ಇದ್ದರ?’ ಎನ್ನುತ್ತಿತ್ತು ಮನಸ್ಸು. ಅಂಗಳದ ಪಪ್ಪಾಯಿ ಮೊಣಕಾಲೆತ್ತರ ಬೆಳೆದಿತ್ತು. ಅದರ ಚೀಟಿಯನ್ನು ಕೀಳಲು ಎರಡು ಸಲ ಕೈ ಹಾಕಿ, ಎರಡು ಸಲವೂ ಹಿಂದಕ್ಕೆ ತೆಗೆದಿದ್ದಳು.

ಒಂಬತ್ತನೆಯ ದಿನ ಮೂಡಲಗಿಯಲ್ಲಿ ಶೆಟ್ಟೆವ್ವ ಬಸ್ಸು ಹತ್ತಿದಳು. ಕಂಕುಳಲ್ಲಿ ಅದೇ ತಾಮ್ರದ ಕೊಡ. ಹಿಂದೆ, ತಲೆ ತಗ್ಗಿಸಿಕೊಂಡು ಶಿವಪುತ್ರ.

ಮೇಘಾ ಕೈ ಚಾಚಿದಳು. “ಆಧಾರ್ ಕಾರ್ಡ್ ಕೊಡ್ರಿ ಅತ್ತಿ.”

ಶೆಟ್ಟೆವ್ವ ಕೊಟ್ಟಳು. “ಇದರಾಗ ಶೆಟ್ಟೆವ್ವ ಅಂತ ಐತಿ. ನಾ ಹುಟ್ಟಿದಾಗ ಇಟ್ಟ ಹೆಸರ ‘ಅಲ್ಲವ್ವ’.”

ಮಷಿನ್ ಹಿಡಿದ ಮೇಘಾಳ ಬೆರಳು ನಿಂತಿತು.

“ನಮ್ಮತ್ತಿ ಹೆಸರೂ ಅಲ್ಲವ್ವನ ಇತ್ತು. ಒಂದ ಮನ್ಯಾಗ ಇಬ್ಬರು ಯಾಕಂತ ನಂದು ತಗದ್ರು. ನಮ್ಮವ್ವ ತೀರಿದ ದಿನ ನಮ್ಮಣ್ಣ ಬಾಗಲದಾಗ ನಿಂತು ‘ಅಲ್ಲವ್ವಾ’ ಅಂದ. ಅತ್ತಿನ್ನ ಕರ್ಯಾಕತ್ತಾನ ಅಂತ ನಾ ರೊಟ್ಟಿ ಬಡಕೋತ ಕುಂತೆ. ಮೂರ ಸಲ ಕರದ. ಮೂರನೇ ಸಲಕ್ಕ ಅವ ಅತ್ತ.”

ಶೆಟ್ಟೆವ್ವ ಕಂಕುಳಲ್ಲಿದ್ದ ಕೊಡವನ್ನು ಕೈಗೆ ತೆಗೆದುಕೊಂಡಳು.

“ಇದನ್ನ ಯಾರೂ ಕೇಳಿರಲಿಲ್ಲ. ಹೋದ ವಾರ ಇಂವ ಬಂದು ಕೇಳಿದ. ಹೇಳಾಕ ಬಾಯಿ ಬರಲಿಲ್ಲ ನೋಡವ್ವಾ... ಎರಡ ದಿನ ಬೇಕಾತು.” ಸೆರಗಿನಿಂದ ಕೊಡವನ್ನು ಒರೆಸಿ ಮುಂದೆ ಹಿಡಿದಳು. “ನಿನ್ನ ಹೆಸರ ಬದಲಿ ಮಾಡು ಅಂದಾಕಿ ನಾನ. ನನಗ ಮಾಡಿದ್ದನ್ನ ನಿನಗ ಮಾಡಾಕ ಹೋಗಿದ್ದೆ.”

ಭಾಗ್ಯಶ್ರೀ ಎಂದಿದ್ದ ಕಡೆ ಚುಕ್ಕೆಗಳ ಸಾಲು ಬಡಿದು ಮುಚ್ಚಿದ್ದರು. ಅದರ ಕೆಳಗೆ ‘ಮೇಘಾ’. ಕೊಡದ ಕಂಠದ ಹತ್ತಿರ, ಸಣ್ಣದಾಗಿ, ‘ಅಲ್ಲವ್ವ’.

ಮೇಘಾಳ ಕಣ್ಣು ಮಂಜಾಯಿತು.

“ಆಕಿ ಕೈಯಾಗ ಇಷ್ಟ ವರ್ಷ ಉಂಡೇನಿ,” ಎಂದ ಶಿವಪುತ್ರ. “ಹೆಸರ ಕೇಳಿರಲಿಲ್ಲ ಮೇಘಾ. ನಿಂದೂ ಕೇಳದ ಅಳಸಾಕ ಹೋಗಿದ್ದೆ. ತಪ್ಪ ನಂದ. ನೀ ಒಲ್ಲೆ ಅಂದ್ರೂ ಆ ಕೊಡದ ಮ್ಯಾಲ ನಿನ್ನ ಹೆಸರ ಇರ್ಲಿ...”

“ಬರೇ ಅಷ್ಟ ಅಂದ್ರ ಹೆಂಗೋ?” ಶೆಟ್ಟೆವ್ವ ತಡೆದಳು. “ಗಂಡರ ಹೆಸರನ್ನ ಎರಡ ಸಾಲಿನ ಒಡಪಿನ್ಯಾಗ ಇಟ್ಟು ಹೇಳಿ ಹೇಳಿ ನಮಗ ಸಾಕಾಗೈತಿ. ಇವತ್ತ ನೀ ಆಕಿ ಹೆಸರಿಗೆ ಒಂದ ಒಡಪ ಹೇಳು.”

“ಹೇಳಪಾ, ಹೇಳು!” ಹಿಂದಿನ ಸೀಟಿನ ಹೆಣ್ಣುಮಕ್ಕಳೆಲ್ಲ ಕೂಗಿದರು. ಡ್ರೈವರ್ ಸೋಮಶೇಖರನೂ ಎಂಜಿನ್ ಬಂದ್ ಮಾಡಿ ತಿರುಗಿ ಕೂತ.

ಶಿವಪುತ್ರ ಬೆವರಿದ. ಕೊಡ ನೋಡಿದ. ಅವಳನ್ನು ನೋಡಿದ.

“ತಾಮ್ರದ ಕೊಡದಾಗ ತುಂಬೈತಿ ನೀರು...
ಮೇಘಾನ ಹೆಸರ ಅಳಸಾಕ ನಾ ಯಾರು?”

ಬಸ್ಸಿಗೆ ಬಸ್ಸೇ ಚಪ್ಪಾಳೆ ತಟ್ಟಿತು. ಮೇಘಾ ಅಂಗೈಯಿಂದ ಕಣ್ಣು ಒರೆಸಿಕೊಂಡು, ಮಷಿನ್ ಒತ್ತಿ ಒಂದು ಟಿಕೆಟ್ ತೆಗೆದಳು.

“ರೊಕ್ಕಾ ಕೊಡ್ರಿ.”

“ಒಡಪ ಹೇಳಿದವರಿಗೆ ಫ್ರೀ ಇಲ್ಲೇನು?”

“ಗಂಡಸರಿಗೆ ಇಲ್ಲ.”

ಟಿಕೆಟ್ ಕೊಟ್ಟ ಬೆರಳುಗಳು ಅವನ ಅಂಗೈಯಲ್ಲಿ ಒಂದು ಕ್ಷಣ ಹಾಗೇ ನಿಂತವು.

“ಅತ್ತಿ ಬಾಜೂಕ ಸೀಟ ಖಾಲಿ ಐತಿ,” ಎಂದಳು ಮೆಲ್ಲಗೆ.

“ಅದು ಹೆಣ್ಣಮಕ್ಕಳ ಸೀಟು,” ಎಂದ ಅವನು. “ಅಲ್ಲಿ ಕೊಡ ಕೂಡ್ಲಿ. ನಾ ನಿಂತ ಬರ್ತೀನಿ.”

“ಎಲ್ಲಿತನಕ?”

“ನಿನ್ನ ಡ್ಯೂಟಿ ಮುಗಿಯೂತನಕ.”

ಮೇಘಾ ನಕ್ಕಳು. ಸೀಟಿ ಊದಿದಳು.