ರಂಜನಿ ಹಿಡಿದ ಬೆಚ್ಚನೆಯ ಕೈ

"ಶಾಮಣ್ಣ, ಪ್ರಾಂಪ್ಟರ್‌ನ ಬದಲಾಯಿಸಿ... ಪ್ಲೀಸ್!"

ವಿಕ್ರಂ ಹಾಗೆಂದದ್ದೇ ತಡ, ಮಾಟುಂಗದ ಹಾಲ್‌ನಲ್ಲಿ ನಡೆಯುತ್ತಿದ್ದ ನಾಟಕದ ತಾಲೀಮು ನಿಂತುಹೋಯಿತು. ಪರದೆಯ ಮರೆಯಲ್ಲಿ ಕೂತು ಮಾತು ಹೇಳಿಕೊಡುತ್ತಿದ್ದ ಧಾತ್ರಿಯ ಕಿವಿ ಕಾದ ಹಂಚಾಯಿತು.

"ಯಾಕಪ್ಪಾ? ಹುಡುಗಿ ಸರಿಯಾಗೇ ಹೇಳ್ತಾಳಲ್ಲ?" ಎಂದರು ನಿರ್ದೇಶಕ ಶಾಮಣ್ಣ.

"ಇವ್ರು ಹೇಳಿದ್ರೆ ಬರೋ ಮಾತೂ ಮರ್ತ್‌ಹೋಗತ್ತೆ. ರಂಜನಿ ಹೇಳ್ಕೊಡ್ಲಿ. ಅವ್ಳ ಸೀನ್ ಇಲ್ದಾಗ ಅಷ್ಟೇ."

ರಂಜನಿ! ಮತ್ತೆ ರಂಜನಿ!

ನಾಟಕದ ನಾಯಕಿ ಅವಳು. ಈಗಷ್ಟೇ ಪ್ರೇಮದ ದೃಶ್ಯದಲ್ಲಿ ನಾಯಕನ ಪಾತ್ರದ ವಿಕ್ರಂನ ಕೈ ಹಿಡಿದು, "ಅರೇ, ನಿನ್ ಕೈ ಎಷ್ಟು ಬೆಚ್ಚಗಿದೆ ಕಣೋ!" ಎಂದು ಎಲ್ಲರೆದುರು ನಕ್ಕಿದ್ದಳು. ಅವನೂ ನಕ್ಕಿದ್ದ.

ಧಾತ್ರಿಯ ಹೊಟ್ಟೆಯಲ್ಲಿ ಯಾರೋ ಮೆಣಸಿನಕಾಯಿ ಅರೆದಂತಾಯಿತು. ಎದೆ ಡವಡವ. ಬಾಯಿ ಒಣಗಿತು. ಸವತಿಯನ್ನು ಕಂಡ ರಾಣಿಯ ಮೈಯಿಂದ ಹೊಗೆ ಏಳುತ್ತಿತ್ತು ಎಂದು ಅಜ್ಜಿ ಕಥೆ ಹೇಳುತ್ತಿದ್ದರು. ಅದು ಸುಳ್ಳಲ್ಲ!

'ನಿನ್ನ ದನಿ ಕೇಳಬೇಕೆಂದೇ ಅಷ್ಟು ದೂರದ ದಹಿಸರ್‌ನಿಂದ ಲೋಕಲ್ ಟ್ರೈನ್‌ನಲ್ಲಿ ನೂಕಾಡಿಕೊಂಡು ಬರ್ತೀನಲ್ಲೋ... ನನ್ನ ದನಿ ನಿನಗೆ ಬೇಡವಾಯಿತಾ?'

ನಾಟಕದ ಪ್ರತಿಯನ್ನು ರಂಜನಿಯ ಕೈಗೆ ತುರುಕಿದಳು. "ತಗೊಳ್ಳಮ್ಮಾ. ಅವ್ರ ಮಾತು, ಅವ್ರ ಕೈ... ಎಲ್ಲಾ ನೀನೇ ಇಟ್ಕೋ! ನಾಳೆಯಿಂದ ನಾನು ಬರಲ್ಲ."

"ಏ ಪಾಗಲ್, ನಿಲ್ಲೇ!" ಎಂದು ರಂಜನಿ ಕೂಗಿದರೂ ನಿಲ್ಲಲಿಲ್ಲ.

ಮೆಟ್ಟಿಲ ಬಳಿ ಹಿಂದಿನಿಂದ ಓಡಿ ಬಂದ ಹೆಜ್ಜೆ ಸದ್ದು. ವಿಕ್ರಂ! ಕೈಯಲ್ಲಿ ಅವಳು ಮರೆತ ಬ್ಯಾಗು.

ಕಿತ್ತುಕೊಳ್ಳಲು ಹೋದಳು. ಬೆರಳಿಗೆ ಬೆರಳು ತಾಗಿತು.

ಧಾತ್ರಿ ಬೆಚ್ಚಿದಳು. ಮೇ ತಿಂಗಳ ಆ ಸೆಕೆಯಲ್ಲಿ ಅವನ ಕೈ ಮಂಜುಗಡ್ಡೆಯಾಗಿತ್ತು! ಅಂಗೈ ತುಂಬಾ ಬೆವರು.

"ಹುಷಾರಿಲ್ವಾ? ಈಗ್ತಾನೇ ಅವ್ಳಿಗೆ ಬೆಚ್ಚಗಿತ್ತಲ್ಲ!"

"ಅವ್ಳ ಹತ್ರ ಭಯ ಯಾಕೆ?" ಅವನು ತಲೆ ತಗ್ಗಿಸಿದ. "ನಾನು ಕೆಲ್ಸ ಮಾಡೋ ಫೋರ್ಟ್‌ನ ಬ್ಯಾಂಕಲ್ಲಿ ಕಸ್ಟಮರ್ ಟೇಬಲ್ ಗುದ್ದಿ ಬೈದ್ರೂ ಹೀಗಾಗಲ್ಲ. ನೀವು ಪಿಸುಗುಟ್ಟಿದ್ರೆ ಸಾಕು... ಕೈ ತಣ್ಣಗಾಗತ್ತೆ, ಎದೆ ಹೊಡ್ಕೊಳ್ಳತ್ತೆ, ನಾಲಿಗೆ ಒಣಗತ್ತೆ, ತಲೆ ಖಾಲಿ. ಹುಲಿ ಎದುರು ನಿಂತ ಹಾಗೆ!"

"ನಾನು ಹುಲಿನಾ?"

"ಹುಲಿಯಾಗಿದ್ರೆ ಓಡ್ಹೋಗ್ತಿದ್ದೆ. ಇಲ್ಲಿ ಓಡೋಕೂ ಮನಸ್ಸಿಲ್ಲ..."

ಎದೆ ಡವಡವ, ಒಣಗಿದ ಬಾಯಿ... ಅವಳದೂ ಅದೇ ಕಾಯಿಲೆ! ಹೊಟ್ಟೆಯ ಉರಿ ಎಲ್ಲಿ ಹೋಯಿತೋ, ಅವಳ ಕಣ್ಣು ತುಂಬಿತು.

"ಹೂಂ... ಮುಂದೆ?"

ಅವನ ತುಟಿ ಅದುರಿತು. ಮುಂದಿನ ಮಾತು ಮರೆತಿದ್ದ!

ಧಾತ್ರಿ ಅವನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು. "ನಂಗೆ ನೀನು ಬೇಕು, ಧಾತ್ರಿ..."

"ನಂಗೆ... ನೀನು ಬೇಕು, ಧಾತ್ರಿ." ಅವನು ಅವಳ ಕೈ ಹಿಡಿದುಕೊಂಡ.

"ಒಂದಕ್ಷರ ತಪ್ಪಿಲ್ಲ!" ನಾಚಿ ಕೈ ಬಿಡಿಸಿಕೊಳ್ಳಲು ನೋಡಿದಳು.

ಅವನು ಬಿಡಲಿಲ್ಲ.

"ತಡಿ... ಇನ್ನೂ ಬೆಚ್ಚಗಾಗಿಲ್ಲ."