ಸುಣ್ಣ ಸೋಕಿದ ಉಣ್ಣೆ

ಗುಡಿಯ ಬಾಗಿಲ ಮೊಳೆಗೆ ಟಗರಿನ ಕೊರಳ ಗಂಟೆ ತೂಗುತ್ತಿತ್ತು. ಟಗರು ಮಾತ್ರ ಇರಲಿಲ್ಲ.

ಅದನ್ನು ಮೊದಲು ಕಂಡವನು ಚೌಡಣ್ಣ. ಕಾರೇಹಳ್ಳಿಯ ಮನೆಮನೆಯ ಕುರಿಗಳನ್ನು ಹೊಡೆದುಕೊಂಡು ಹೋಗಿ ಮೇಯಿಸಿ ತರುವವನು. ಬೆಳಗ್ಗೆ ಹಿಂಡು ಕಟ್ಟುವ ಮುನ್ನ ಮೈಲಾರಲಿಂಗನ ಗುಡಿಗೆ ಕೈಮುಗಿದು ದೇವರ ಟಗರನ್ನು ಕರೆಯುವುದು ಅವನ ಪದ್ಧತಿ. ಅಂದು ಕರೆದ. ಬರಲಿಲ್ಲ. ಮತ್ತೆ ಕರೆದ. ಗಾಳಿಗೆ ಗಂಟೆಯಷ್ಟೇ ಸದ್ದು ಮಾಡಿತು.

ಆ ಟಗರಿಗೆ ಒಡೆಯರಿಲ್ಲ. ದೇವರಿಗೆ ಬಿಟ್ಟದ್ದು. ಯಾರ ಬಾಗಿಲಿಗೆ ಹೋದರೂ ಅದಕ್ಕೊಂದು ರೊಟ್ಟಿ ಉಂಟು. ಗುಡಿಗೆ ಬಂದವರು ದೇವರ ಭಂಡಾರವನ್ನು, ಅಂದರೆ ಪೂಜೆಯ ಅರಿಶಿನ ಪುಡಿಯನ್ನು, ಹಣೆಗೆ ಹಚ್ಚಿಕೊಂಡು ಒಂದು ಚಿಟಿಕೆ ಅದರ ಬೆನ್ನ ಮೇಲೂ ಉದುರಿಸುತ್ತಿದ್ದರು. ಹುಟ್ಟಿದಾಗ ಹತ್ತಿಯಂತೆ ಬೆಳ್ಳಗಿದ್ದ ಟಗರು ಊರವರ ಭಕ್ತಿಯಿಂದ ಹಳದಿಯಾಗಿತ್ತು.

ಗುಡಿ ಕಮಿಟಿಯ ಅಧ್ಯಕ್ಷ ಗಾದೆಪ್ಪ ಹಡಗಲಿ ಠಾಣೆಗೆ ದೂರು ಕೊಟ್ಟ. ದಫೇದಾರ ಹಾಲಸ್ವಾಮಿ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಬಸ್ಸು ಹತ್ತಿ ಬಂದ.

"ದಫೇದಾರ್ರ, ಇದ್ರಾಗ ಹುಡುಕಾದು ಏನೈತಿ?" ಎಂದ ಗಾದೆಪ್ಪ. "ಆ ಟಗರು ಹೊಸಬರು ಹತ್ರ ಬಂದ್ರ ಹಾಯತೈತಿ. ಕೂಗಿಲ್ಲ, ಕಿತ್ತಾಟಿಲ್ಲ. ಅದಕ್ಕ ಗುರುತಿದ್ದ ಮನುಷ್ಯಾನ ಒಯ್ದಾನ."

"ನಿಮ್ಮ ಅನುಮಾನ ಯಾರ ಮ್ಯಾಲ್ರಿ?"

"ಅಗೋ, ಅಲ್ಲಿ ಮಾರಿ ಕೆಳಗ ಹಾಕ್ಕಂಡು ಕುಂತಾನಲ್ಲ."

ಕಟ್ಟೆಯ ತುದಿಯಲ್ಲಿ ಚೌಡಣ್ಣ ಕೂತಿದ್ದ. ಅಂದು ಒಂದು ಮನೆಯವರೂ ಅವನ ಹಿಂಡಿಗೆ ಕುರಿ ಬಿಟ್ಟಿರಲಿಲ್ಲ. ಕೊಟ್ಟಿಗೆಗಳಲ್ಲಿ ಕುರಿಗಳು ಹಸಿದು ಅರಚುತ್ತಿದ್ದವು. ಟಗರು ಸಿಗದಿದ್ದರೆ ಸೋಮವಾರ ಅವನು ಗುಡಿಯಲ್ಲಿ ಕರ್ಪೂರ ಮುಟ್ಟಿ ಆಣೆ ಮಾಡಬೇಕು; ಮಾಡಿದರೂ ಊರ ಕುರಿ ಇನ್ನು ಅವನ ಕೈಗಿಲ್ಲ ಎಂದು ಹಿರಿಯರು ಹೇಳಿಬಿಟ್ಟಿದ್ದರು. ಕೋಲು ಹಿಡಿದು ನಡೆಯುವುದೊಂದು ಬಿಟ್ಟು ಬೇರೆ ಕಸುಬು ಅವನಿಗೆ ಗೊತ್ತಿಲ್ಲ.

"ಏನಪಾ ಚೌಡಣ್ಣ?" ಎಂದ ಹಾಲಸ್ವಾಮಿ.

"ನಾ ಏನ್ ಹೇಳ್ಲಿ ಸ್ವಾಮೇರ? ಒಯ್ದಿಲ್ಲ ಅಂದ್ರ ಯಾರೂ ಕೇಳವಲ್ರು. ಒಯ್ದೀನಿ ಅನ್ನಾಕ ನನಗ ಬಾಯಿ ಬರವಲ್ದು."

ಹಾಲಸ್ವಾಮಿ ಗುಡಿಯ ಬಾಗಿಲಿಗೆ ಹೋಗಿ ಗಂಟೆಯನ್ನು ಕೈಯಲ್ಲಿ ಹಿಡಿದು ನೋಡಿದ. ಚರ್ಮದ ಪಟ್ಟಿ ಕೊಯ್ದಿರಲಿಲ್ಲ. ಕೊಂಡಿ ಬಿಚ್ಚಿ, ಪಟ್ಟಿಯನ್ನು ಸುತ್ತಿ, ಜೋಪಾನವಾಗಿ ತೂಗುಹಾಕಿದ್ದರು. ಸದ್ದಾಗಬಾರದೆಂದು ಗಂಟೆ ಬಿಚ್ಚಿದ್ದು ಸರಿ. ಕಳ್ಳನಾದವನು ಅದನ್ನು ಬೇಲಿಗೆ ಒಗೆಯುತ್ತಾನೆ, ಇಲ್ಲವೇ ಹಿತ್ತಾಳೆ ಬೆಲೆಗೆ ಮಾರುತ್ತಾನೆ. ದೇವರ ವಸ್ತು ದೇವರಿಗೇ ಇರಲಿ ಎಂದು ಬಾಗಿಲಿಗೆ ತೂಗುಹಾಕುವ ಕಳ್ಳ ಯಾವ ಸೀಮೆಯವನು?

ಅವನ ಮನಸ್ಸಿಗೆ ಸಿಟ್ಟು ಬರಲಿಲ್ಲ. ಕುತೂಹಲ ಬಂತು.

* * *

ಟಗರು ಕಾಣೆಯಾದ ಹಿಂದಿನ ದಿನ ಕುರಿ ಕೊಳ್ಳಲು ಊರಿಗೆ ಬಂದಿದ್ದವನು ಕೊಟ್ಟೂರಿನ ಹುಲುಗಣ್ಣ. ಮಾಂಸದ ಅಂಗಡಿಯವನು. ಹಾಲಸ್ವಾಮಿ ಕೊಟ್ಟೂರಿಗೆ ಹೋಗಿ, ಅವನ ಹಿತ್ತಲ ತಡಿಕೆಯೊಳಗಿದ್ದ ಕುರಿಗಳನ್ನೆಲ್ಲ ಕೊಂಬು, ಕಿವಿ, ಬಾಲ ಹಿಡಿದು ನೋಡಿದ. ದೇವರ ಟಗರಿನ ಎಡಗೊಂಬು ಒಳಕ್ಕೆ ಸುರುಳಿ ತಿರುಗಿ ಕೆನ್ನೆಗೆ ತಾಗುತ್ತದೆ ಎಂದು ಚೌಡಣ್ಣ ಹೇಳಿದ್ದ. ಅಂಥದೊಂದೂ ಅಲ್ಲಿರಲಿಲ್ಲ.

"ಚೆಂದಾಗಿ ನೋಡ್ರಿ, ನನ್ನ ಹೆಂಡ್ತಿನ್ನೂ ಕರೀಲೇನು?" ಎಂದು ನಕ್ಕ ಹುಲುಗಣ್ಣ. "ದೇವರ ಟಗರು ಮುಟ್ಟಿದ್ರ ಈ ಸೀಮ್ಯಾಗ ನನಗ ಯಾರು ಕುರಿ ಕೊಡ್ತಾರ್ರೀ? ಅಂಗಡಿ ಮುಚ್ಚಿ ಮನಿಯಾಗ ಕುಂದರಬೇಕಾಗತೈತಿ. ಅದೂ ಅಲ್ದ, ಮೊನ್ನಿ ಅದರ ಮೈ ಸವರಾಕ ಹೋಗಿ ತೊಡಿಗೆ ಗುದ್ದಿಸ್ಕಂಡು ಬಂದೀನಿ. ಕುಂಟಾದು ಕಾಣವಲ್ದ?"

"ಮತ್ತ್ಯಾರು ಒಯ್ದಿರಬೇಕು?"

"ಕಾಳಗದ ಮಂದಿನ ಕೇಳ್ರಿ. ಈ ಭಾನುವಾರ ಹರಪನಹಳ್ಳಿ ಕಡಿ ದೊಡ್ಡ ಟಗರಿನ ಕಾಳಗ ಐತಿ. ಗಾದೆಪ್ಪ ಅದನ್ನ ಇಳಸ್ತಾನ ಅಂತ ಎಲ್ಲಾರಿಗೂ ಗೊತ್ತು. ಎದುರಿನವರು ಹೆದರಿ ಹೊಡಕಂಡು ಹೋಗಿರಬೇಕು."

"ದೇವರ ಟಗರನ್ನ ಕಾಳಗಕ್ಕ ಬಿಡ್ತಾರ?"

"ಈಗೇನ್ ಹೊಸದಾ? ದೀಪಾವಳಿಯಾಗ ಅದರ ಕಿವಿ ಹರದು ರಕ್ತ ಸೋರಿದ್ದು ನಾನ ನೋಡೀನಿ. ನಿಮಗ ಹೇಳಿಲ್ಲೇನು?"

ಗಾದೆಪ್ಪ ಹೇಳಿರಲಿಲ್ಲ. ಎದುರಾಳಿ ಟಗರಿನವರ ಊರಿಗೂ ಹಾಲಸ್ವಾಮಿ ಹೋಗಿ ಬಂದ. ಅವರು ಹೆದರಿರಲಿಲ್ಲ, ತಮ್ಮ ಟಗರಿಗೆ ಸರಿಜೋಡಿ ತಪ್ಪಿತಲ್ಲ ಎಂದು ಗಾದೆಪ್ಪನಿಗಿಂತ ಹೆಚ್ಚು ಪೇಚಾಡುತ್ತಿದ್ದರು. ಕಾಳಗ ಕಟ್ಟಿದ್ದರ ಬಗ್ಗೆ ಅವರಿಗೊಂದು ಎಚ್ಚರಿಕೆ ಕೊಟ್ಟು ಬರಿಗೈಲಿ ಹಿಂದಿರುಗಿದ.

* * *

ಮನೆಯಲ್ಲಿ ದೀಪ ಹಚ್ಚುವ ಹೊತ್ತು. ನಡುಮನೆಯ ತುಂಬ ಹೆಂಡತಿ ಸುಮಲತಾಳ ಸಂಸಾರ ಹರಡಿತ್ತು. ಟೇಲರ್ ಅಂಗಡಿಯ ಚೂರುಬಟ್ಟೆ, ಒಡೆದ ಬಳೆ, ಹಳೆಯ ಲಗ್ನಪತ್ರಿಕೆ, ಹುಣಸೆಬೀಜ, ಬೆಂಕಿಕಡ್ಡಿ, ಬಟ್ಟಲ ತುಂಬ ಮೈದಾ ಅಂಟು. ಹೊಸ ವರ್ಷ ಹತ್ತಿರ ಬಂದಿತ್ತು. ಅವಳು ಮಾಡುವ ಶುಭಾಶಯದ ಕಾರ್ಡುಗಳು ಹಡಗಲಿಯ ಪುಸ್ತಕದಂಗಡಿಯಲ್ಲಿ ಅಚ್ಚಿನ ಕಾರ್ಡುಗಳ ಪಕ್ಕದಲ್ಲೇ ಕೂರುತ್ತಿದ್ದವು. ಲಗ್ನಪತ್ರಿಕೆಯ ಗಣಪತಿಯನ್ನು ಮಾತ್ರ ಅವಳು ಕತ್ತರಿಸುತ್ತಿರಲಿಲ್ಲ. ಅದು ಹಾಗೇ ಪೂರ್ತಿ ಮೂಲೆಯಲ್ಲಿ ಕೂರಬೇಕು. ಉಳಿದದ್ದೆಲ್ಲ ಅವನ ಸುತ್ತ.

"ಏನ್ರೀ, ಟಗರು ಸಿಕ್ಕಿತಾ?"

"ಸಿಕ್ಕಿದ್ರ ಹೊತ್ಕಂಡು ಬರ್ತಿದ್ನಿ."

"ಬ್ಯಾಡ್ರಿ, ನನಗ ಇವನ್ನ ಸಾಕಾದು ಸಾಕಾಗೈತಿ" ಎಂದು ಅವಳು ಕಾರ್ಡುಗಳನ್ನು ತೋರಿಸಿದಳು. ಪ್ರತಿ ಕಾರ್ಡಿನಲ್ಲೂ ಬೆಂಕಿಕಡ್ಡಿ ಕಾಲಿನ ಒಂದು ಪುಟ್ಟ ಕುರಿ. ಮೈಗೆ ನಿಜವಾದ ಉಣ್ಣೆ. ಸವರಿದರೆ ಬೆರಳಿಗೆ ಬೆಚ್ಚಗೆ.

ಬಿಳಿ ಬಣ್ಣ ಮುಗಿದಿತ್ತು. ಕುರಿಯ ಮೂತಿಗೆ ಒಂದು ಚುಕ್ಕೆ ಇಡಲು ಅವಳು ಎಲೆಯಡಿಕೆ ಡಬ್ಬಿಯಿಂದ ಒಂದಿಷ್ಟು ಸುಣ್ಣವನ್ನು ಕಡ್ಡಿಯ ತುದಿಗೆ ತೆಗೆದುಕೊಂಡಳು. ಚುಕ್ಕೆ ಇಟ್ಟಳು. ಕೈ ಅಲ್ಲೇ ನಿಂತಿತು.

"ಅಯ್ಯ ಶಿವನ! ಇಲ್ನೋಡ್ರಿ."

ಸುಣ್ಣ ತಾಗಿದಲ್ಲೆಲ್ಲ ಉಣ್ಣೆ ಕೆಂಪಾಗುತ್ತಿತ್ತು. ಮೂತಿಯಿಂದ ಕೊರಳಿಗೆ ಕೆಂಪು ಹರಿಯಿತು. ಅವಳು ಇನ್ನೊಂದು ಕುರಿಗೆ ಹಚ್ಚಿದಳು. ಅದೂ ಕೆಂಪು.

"ಆರತಿ ನೀರಿನ ಬಣ್ಣ ಬಂತಲ್ರೀ" ಎಂದಳು. "ಇದ್ರಾಗ ಅರಿಶಿಣ ಐತಿ. ಅರಿಶಿಣಕ್ಕ ಸುಣ್ಣ ಕೂಡಿದ್ರನ ಹಿಂಗ ಆಗಾದು. ಕುರಿ ಉಣ್ಣಿಗೆ ಅರಿಶಿಣ ಯಾಕ..."

ಮಾತು ಮುಗಿಸದೆ ಗಂಡನ ಮುಖ ನೋಡಿದಳು. ಅವನು ಆಗಲೇ ಮೊಣಕಾಲೂರಿ ಕೂತಿದ್ದ.

"ಈ ಉಣ್ಣಿ ಎಲ್ಲೀದು ಸುಮಾ?"

"ನಿನ್ನಿ ಸಂತ್ಯಾಗ ಭರಮಮ್ಮ ಕೊಟ್ಟಾಳ. ನೂಲು ಮಾರಾಕ ಬರ್ತಾಳಲ್ಲ, ಕಾರೇಹಳ್ಳಿಯಾಕಿ. ಎಂದೋ ಕೇಳಿದ್ನಿ, ಚೂರುಪಾರು ಇದ್ರ ಕೊಡಬೇ ಅಂತ. ಈ ಸಲ ತಾನ ಹುಡಿಕ್ಕಂಡು ಬಂದು ಒಂದು ಗಂಟು ಕೊಟ್ಳು. ತೊಳದು, ಒಣಗಿಸಿ, ಹಿಂಜಿದ್ದು."

"ನಿನ್ನ ಗಂಡ ಪೊಲೀಸ ಅಂತ ಆಕಿಗೆ ಗೊತ್ತಾ?"

"ಉಣ್ಣಿ ಕೇಳಾಕಿ ಗಂಡನ ಕಸುಬು ಯಾಕ ಹೇಳ್ಬೇಕ್ರೀ?" ಎಂದ ಸುಮಲತಾ ಕಡ್ಡಿ ಕೆಳಗಿಟ್ಟು ಹೇಳಿದಳು: "ಒಂದು ಮಾತು ಮಾತ್ರ ನನಗ ವಿಚಿತ್ರ ಅನಿಸ್ತು. ಏನ್ ಮಾಡ್ತೀ ಇದನ್ನ ಅಂತ ಕೇಳಿದ್ಳು. ಕಾರ್ಡಿಗೆ ಹಚ್ಚತೀನಿ, ಮಂದಿ ಗ್ವಾಡಿಗೆ ಹಾಕ್ಕಂತಾರ ಅಂದೆ. 'ಗ್ವಾಡಿ ಮ್ಯಾಲಾದ್ರ ಚಲೋ ಆತು ತಾಯಿ, ಮಿಕ್ಕಿದ್ದನ್ನ ತಿಪ್ಪಿಗೆ ಹಾಕಬ್ಯಾಡ, ಕಾಲಾಗ ತುಳೀಬ್ಯಾಡ್ರಿ' ಅಂದ್ಳು."

ಹಾಲಸ್ವಾಮಿ ಒಂದು ಕಾರ್ಡನ್ನು ಅಂಗಿಯ ಜೇಬಿಗಿಟ್ಟುಕೊಂಡ. ಸುಣ್ಣ ಮುಟ್ಟದ, ಬೆಳ್ಳನೆಯ ಕುರಿಯಿದ್ದದ್ದು. ಭರಮಮ್ಮ ಆ ಉಣ್ಣೆಯನ್ನು ತಿಳಿಯದೆ ಯಾರಿಂದಲೋ ಕೊಂಡಿರಲೂಬಹುದು. ಅದೊಂದು ಗೊತ್ತಾಗಬೇಕಿತ್ತು.

* * *

ಶನಿವಾರ ಬೆಳಗ್ಗೆ ಅವನು ಗಾದೆಪ್ಪನನ್ನೂ ಚೌಡಣ್ಣನನ್ನೂ ಕರೆದುಕೊಂಡು ಭರಮಮ್ಮನ ಮನೆಗೆ ನಡೆದ. ಗಂಡ ತೀರಿದ ಮೇಲೆ ಆಕೆ ಒಬ್ಬಳೇ. ಒಳಕೋಣೆಯಲ್ಲಿ ಅವನ ಕಂಬಳಿ ಮಗ್ಗ ಸುಮ್ಮನೆ ನಿಂತಿತ್ತು. ಆಕೆ ಪಡಸಾಲೆಯಲ್ಲಿ ಕೂತು ನೂಲುತ್ತಿದ್ದಳು. ಮನೆಯ ತುಂಬ ಉಣ್ಣೆಯ ವಾಸನೆ; ಕುರಿಯೊಂದು ಹೊಕ್ಕರೂ ಮೂಗಿಗೆ ಬೇರೆ ತಿಳಿಯದಷ್ಟು.

ಬಾಗಿಲ ಹಿಂದೆ ಬುಟ್ಟಿಯ ತುಂಬ ಜಾಲಿಕಾಯಿ ಇತ್ತು. ಕುರಿಗೆ ಬಲು ಇಷ್ಟವಾದ ತಿನಿಸು. ಭರಮಮ್ಮನಿಗೆ ಒಂದು ಕುರಿಮರಿಯೂ ಇರಲಿಲ್ಲ.

"ಬರ್ರಿ ಯಪ್ಪಾ, ಕುಂದರ್ರಿ" ಎಂದು ಆಕೆ ಕಂಬಳಿ ಹಾಸಿದಳು. ಚೌಡಣ್ಣನ ಕಡೆ ಮಾತ್ರ ನೋಡಲಿಲ್ಲ.

"ಯವ್ವಾ, ನಿನ್ನ ಉಣ್ಣಿ ಎಷ್ಟು ಚೆಂದ ಕುರಿ ಆಗೈತಿ ನೋಡು" ಎಂದು ಹಾಲಸ್ವಾಮಿ ಕಾರ್ಡು ಮುಂದೆ ಚಾಚಿದ. ಆಕೆ ಕೈ ನೀಡುವಷ್ಟರಲ್ಲಿ, ಮನಸ್ಸಿನಲ್ಲೇ ಮೈಲಾರನ ಕ್ಷಮೆ ಕೇಳಿ, ಬೆರಳು ಸಡಿಲಿಸಿದ.

ಕಾರ್ಡು ನೆಲ ಮುಟ್ಟಲಿಲ್ಲ. ಮುದುಕಿ ಕದರು ಬಿಸುಟು, ಬಾಗಿ, ಎರಡು ಕೈಯಲ್ಲೂ ಅದನ್ನು ಹಿಡಿದಳು. ಹಿಡಿದವಳು ಎರಡೂ ಕಣ್ಣಿಗೆ ಒತ್ತಿಕೊಂಡಳು.

"ದಿನಾ ಉಣ್ಣಿ ಮ್ಯಾಲ ಕುಂದರಾಕಿ ನೀನು" ಎಂದ ಹಾಲಸ್ವಾಮಿ ಮೆಲ್ಲಗೆ. "ಉಣ್ಣಿ ಕಂಡು ಕೈಮುಗಿಯಾದು ಯಾವಾಗ ಕಲ್ತಿ ಯವ್ವಾ?"

ಆಕೆ ಬಾಯಿ ತೆರೆಯುವ ಮೊದಲೇ ಒಳಕೋಣೆಯಿಂದ ಒಂದು ಕೂಗು ಬಂತು. ಚೌಡಣ್ಣ ಎದ್ದು ಓಡಿದ. ಮಗ್ಗದ ಹಿಂದೆ, ಮೈ ಬೋಳಿಸಿಕೊಂಡು, ಹರಕು ಕಂಬಳಿಯೊಂದನ್ನು ಹೊದ್ದುಕೊಂಡು ದೇವರ ಟಗರು ನಿಂತಿತ್ತು. ಎಡಗೊಂಬು ಕೆನ್ನೆಗೆ ತಾಗಿತ್ತು. ಚೌಡಣ್ಣನ ಅಂಗೈ ಮೂಸಿ ನೋಡಿ ಇನ್ನೊಮ್ಮೆ ಕೂಗಿತು.

"ಕಳ್ಳ ಮುದುಕಿ!" ಗಾದೆಪ್ಪ ಎದ್ದು ನಿಂತ. "ದೇವರ ಟಗರನ್ನ..."

"ಕುಂದರ್ರಿ ಗಾದೆಪ್ಪನವರ. ಪೂರ್ತಿ ಕೇಳ್ರಿ" ಎಂದ ಹಾಲಸ್ವಾಮಿ. "ಟಗರು ಕೂಗಿಲ್ಲ ಅಂದ್ರ ಅದಕ್ಕ ರೊಟ್ಟಿ ಹಾಕಾ ಕೈನ ಒಯ್ದೈತಿ. ಅದು ಚೌಡಣ್ಣನ ಕೈನ ಆಗ್ಬೇಕಂತ ಏನೈತಿ? ಊರಾಗಿನ ಹೆಣ್ಣುಮಕ್ಕಳೆಲ್ಲ ಅದಕ್ಕ ರೊಟ್ಟಿ ಹಾಕಿದವರು. ಗಂಟಿ ದೇವರ ಬಾಗಿಲಿಗೆ ಬಂತು ಅಂದಾಗ, ಒಯ್ದವರು ದೇವರಿಗೆ ಹೆದರಾರು ಅಂತ ಗೊತ್ತಾತು. ಗುರುತು ಸಿಗಬಾರದು ಅಂತ ಅರಿಶಿಣದ ಉಣ್ಣಿ ಕತ್ತರಿಸಿದ್ಳು. ತೊಳದ್ಳು. ಆದ್ರ ಭಂಡಾರ ಹತ್ತಿದ ಉಣ್ಣಿ ಅದು. ಸುಡಾಕ ಬರಂಗಿಲ್ಲ, ತಿಪ್ಪಿಗೆ ಹಾಕಾಕ ಬರಂಗಿಲ್ಲ. ಯಾರ ಕಾಲಿಗೂ ಸಿಗದಂಗ ಗ್ವಾಡಿ ಮ್ಯಾಲ ಇರ್ಲಿ ಅಂತ ಕಾರ್ಡು ಮಾಡಾಕಿಗೆ ಕೊಟ್ಳು. ತೊಳದ್ರೂ ಅರಿಶಿಣ ಪೂರ್ತಿ ಹೋಗಿರಲಿಲ್ಲ. ಸುಣ್ಣ ತಾಗಿದ ಕೂಡ್ಲೇ ತಾನ ಹೇಳ್ತು. ಈಕಿ ಉಣ್ಣಿ ಕೊಂಡಾಕಿ ಆಗಿದ್ರ ಈ ಕಾರ್ಡು ಈಕಿಗೆ ಬರೇ ಕಾರ್ಡು. ಕಣ್ಣಿಗೆ ಯಾಕ ಒತ್ಕಂತಿದ್ಳು?"

"ಹೌದ್ರಿ, ನಾನ ಒಯ್ದೀನಿ" ಎಂದಳು ಭರಮಮ್ಮ. ಈಗ ಅವಳ ದನಿ ಗಟ್ಟಿಯಾಗಿತ್ತು. "ತಾಯಿ ಸತ್ತ ಮರಿ ಅದು. ಬಟ್ಟಿ ಅದ್ದಿ ಹಾಲು ಕುಡಿಸಿ ಬದುಕಿಸಿ, ದೇವರಿಗೆ ಬಿಟ್ಟಾಕಿ ನಾನು. ದೇವರ ಹೆಸರಿಲೆ ಅಡ್ಡಾಡ್ಲಿ ಅಂತ ಬಿಟ್ಟೆ. ತೆಲಿ ಒಡಕಳ್ಳಿ ಅಂತ ಬಿಡಲಿಲ್ಲ. ಕಿವಿ ಹರದು ಬಂದಾಗ ರಕ್ತ ಒರಿಸಿದಾಕಿ ನಾನು. ಈ ಗಾದೆಪ್ಪನ ಕಾಲಿಗೆ ಬಿದ್ದೆ. 'ಊರಿಗೆ ಹೆಸರು ಬರತೈತಿ, ಸುಮ್ನಿರಬೇ ಮುದುಕಿ' ಅಂದ. ನಾಳಿ ಭಾನುವಾರ ಒಂದು ದಾಟ್ಲಿ, ನಾನ ಕರ್ಕಂಡು ಬಂದು ಗುಡಿ ಮುಂದ ನಿಂದರ್ತಿದ್ದೆ."

ಹಾಲಸ್ವಾಮಿ ಗಾದೆಪ್ಪನ ಕಡೆ ತಿರುಗಿದ. "ದೂರು ಕೊಟ್ಟವರು ನೀವು. ಟಗರು ನಿಮ್ಮದು ಅಂತ ಬರಕೊಳ್ಳಲೇನು? ಹಂಗಾರ ಕಾಳಗ ಆಡಿಸಿದ ಕೇಸೂ ನಿಮ್ಮ ಮ್ಯಾಲ ಬರ್ತೈತಿ."

"ಛೇ ಛೇ, ನಂದೆಲ್ಲಿ? ದೇವರದು."

"ದೇವರದಾದ್ರ ಕಾಳಗಕ್ಕ ಒಯ್ಯಾಕ ಅವನನ್ನ ಕೇಳಿದ್ರೇನು?"

ಗಾದೆಪ್ಪ ಹೆಗಲ ಟವೆಲ್ಲಿನಿಂದ ಕತ್ತು ಒರೆಸಿಕೊಂಡ. "ಹೋಗ್ಲಿ ಬಿಡ್ರಿ. ಟಗರು ಸಿಕ್ತಲ್ಲ. ಇನ್ನ ಅದನ್ನ ಎಲ್ಲೀಗೂ ಒಯ್ಯಂಗಿಲ್ಲ. ದೂರು ಬ್ಯಾಡ."

"ಟಗರಿನ ಮಾತು ಮುಗೀತು. ಇವನದು ಮುಗೀಲಿಲ್ಲ" ಎಂದು ಹಾಲಸ್ವಾಮಿ ಚೌಡಣ್ಣನನ್ನು ತೋರಿಸಿದ. ಆಮೇಲೆ ಭರಮಮ್ಮನಿಗೆ ಹೇಳಿದ: "ನಿಂದೂ ತಪ್ಪು ಐತಿ ಯವ್ವಾ. ಟಗರು ಉಳಸಾಕ ಹೋಗಿ ಒಬ್ಬ ಮನುಷ್ಯಾನ್ನ ಕಳ್ಳನ್ನ ಮಾಡಿದಿ."

ಮುದುಕಿ ಆಗ ಮೊದಲ ಸಲ ಚೌಡಣ್ಣನನ್ನು ನೇರ ನೋಡಿದಳು. "ಗುಡಿ ಮುಂದ ಕರ್ಪೂರ ಹಿಡಿಯಾಕಿ ನಾನು. ಈಗ್ಲೇ ನಡೀರಿ."

"ಯಕ್ಕಾ, ನನಗೊಂದು ಮಾತು ಹೇಳಿದ್ರ ನಾನ ಹಗ್ಗ ಹಿಡಕಂಡು ಬಂದು ಕಟ್ಟತಿದ್ನೆಲ್ಲ."

"ಹೇಳಿದ್ರ ನೀ ಸುಳ್ಳು ಹೇಳಬೇಕಾಕಿತ್ತಪಾ. ನಿನಗ ಸುಳ್ಳು ಎಲ್ಲಿ ಬರತೈತಿ? ಮಾರಿ ನೋಡಿನ ಹಿಡಿತಿದ್ರು."

ಚೌಡಣ್ಣನಿಗೆ ಸಿಟ್ಟು ಮಾಡಬೇಕೋ ನಗಬೇಕೋ ತಿಳಿಯಲಿಲ್ಲ. ಟಗರಿನ ಕಂಬಳಿ ಸರಿಮಾಡಿದ.

* * *

ಭಾನುವಾರ ಮುಂಜಾನೆ ಹಾಲಸ್ವಾಮಿ ಮತ್ತೆ ಕಾರೇಹಳ್ಳಿಗೆ ಬಂದ. ಠಾಣೆಯ ಕೆಲಸ ಮುಗಿದಿತ್ತು. ನೋಡುವ ಆಸೆ ಮುಗಿದಿರಲಿಲ್ಲ. ಭರಮಮ್ಮ ಊರ ಮುಂದೆ ಉರಿಯುವ ಕರ್ಪೂರದ ಮೇಲೆ ಕೈಯಿಟ್ಟು ಎಲ್ಲವನ್ನೂ ಹೇಳಿಯಾಗಿತ್ತು.

ಚೌಡಣ್ಣ ಕೋಲು ಹಿಡಿದು ಓಣಿಯ ತಲೆಗೆ ನಿಂತಿದ್ದ. ಕರೆಯಲಿಲ್ಲ. ಕೇಳಲಿಲ್ಲ. ಸುಮ್ಮನೆ ನಿಂತಿದ್ದ.

ಮೊದಲು ಮೂಲೆಮನೆಯ ತಡಿಕೆ ಸರಿಯಿತು. ಕುರಿಗಳು ಹೊರಬಂದವು. ಆಮೇಲೆ ಎದುರು ಮನೆಯದು. ಹೆಂಗಸೊಬ್ಬಳು "ತಡಾ ಆತೇನೋ ಚೌಡಣ್ಣ" ಎಂದು, ಏನೂ ಆಗೇ ಇಲ್ಲವೆಂಬಂತೆ, ತನ್ನ ಮರಿಗಳನ್ನು ಹಿಂಡಿಗೆ ಕೂಡಿಸಿದಳು. ಓಣಿ ಧೂಳಿನಿಂದ ತುಂಬಿತು.

ಗಾದೆಪ್ಪನ ಮನೆಯ ತಡಿಕೆ ಮಾತ್ರ ಮುಚ್ಚಿಯೇ ಇತ್ತು. ಹಿಂಡು ಅದರ ಮುಂದೆ ಬಂದು ನಿಂತಿತು. ಒಳಗೆ ಕುರಿಗಳು ಅರಚಿದವು. ತುಸು ಹೊತ್ತಾದ ಮೇಲೆ ಗಾದೆಪ್ಪ ತಾನೇ ಹೊರಗೆ ಬಂದ. ತಡಿಕೆ ಎತ್ತಿ ಪಕ್ಕಕ್ಕಿಟ್ಟ. ಏನೋ ಹೇಳಲು ಬಾಯಿ ತೆರೆದ.

"ಇರ್ಲಿ ಬಿಡಣ್ಣ" ಎಂದ ಚೌಡಣ್ಣ. "ಹೊರಗ ಬಿಡು ಅವನ್ನ. ಬಿಸಿಲೇರತೈತಿ."