ಶೇನಾದಲ್ಲಿರು

ಯಲ್ದಾ ವಿದಾಯ ಹೇಳಲು ಬಂದಾಗ ನಾನು ಮಾಳಿಗೆಯ ಮೇಲೆ ಬೇಯಿಸಿದ ಗೋಧಿಯನ್ನು ಒಣಗಲು ಹರವುತ್ತಿದ್ದೆ. ಮೊಣಕೈವರೆಗೂ ಅಂಟು, ತಲೆಗೆ ಅಮ್ಮನ ಹಳೇ ಬಟ್ಟೆ. ಇಂಥ ಹೊತ್ತಿಗೇ ಬರಬೇಕಿತ್ತೇ ಈ ಮಹಾರಾಯ!

"ಶಮೂನಿ, ನಾಳೆ ಹೊರಟೆ," ಎಂದ ಬೀದಿಯಿಂದಲೇ ಕತ್ತೆತ್ತಿ. "ಶೇನಾದಲ್ಲಿರು."

ಇರಾಕಿನ ನಮ್ಮೂರು ಅಲ್ಕೋಶ್‌ನಲ್ಲಿ ಹೊರಡುವವರು ಹೇಳುವ ಮಾತು ಅದು. ಉಳಿಯುವವರು "ಶೇನಾದಲ್ಲಿ ಹೋಗು" ಅನ್ನಬೇಕು. ಅನ್ನದೆ ಕಳಿಸಿದರೆ ಹೋದವರ ಮನಸ್ಸು ಹೊಸ್ತಿಲಲ್ಲೇ ಸಿಕ್ಕಿಕೊಳ್ಳುತ್ತದೆ ಎಂದು ನನ್ನಜ್ಜಿ ಹೆದರಿಸುತ್ತಿದ್ದಳು. ನಾನು ಬಾಯಿ ಬಿಡಲಿಲ್ಲ. ಸಿಕ್ಕಿಕೊಳ್ಳಲಿ ಬಿಡಿ.

"ಕೇಳಿಸ್ತಾ?"

"ಗುಬ್ಬಿ ಓಡಿಸ್ತಿದ್ದೀನಿ. ಆಮೇಲೆ ಬಾ."

ಹಠಮಾರಿ, ಮೆಟ್ಟಿಲು ಹತ್ತಿ ಬಂದೇಬಿಟ್ಟ. ಅವನ ಕಣ್ಣು ಮೊದಲು ನನ್ನ ತಲೆಬಟ್ಟೆಯ ಮೇಲೆ ನಿಂತಿತು, ನಂತರ ಕೆನ್ನೆಗೆ ಅಂಟಿದ್ದ ಗೋಧಿಕಾಳಿಗೆ ಇಳಿಯಿತು. ತೆಗೆಯಲು ಕೈಯೆತ್ತಿದವನು ಅರ್ಧಕ್ಕೇ ತಡೆದು ತನ್ನದೇ ಕೆನ್ನೆ ಕೆರೆದುಕೊಂಡ. ಆ ಕೈ ಇನ್ನೊಂದು ಗೇಣು ಮುಂದೆ ಬರಬಾರದಿತ್ತೇ ಅಂತ ಎಷ್ಟು ಸಂಕಟವಾಯಿತೋ!

ಅವನನ್ನು ಸಾಕಿದ ಹಾನೆ ಅತ್ತೆ ಸಿಡ್ನಿಯಲ್ಲಿರುವ ಮಗಳ ಮನೆಗೆ ಹೊರಟಿದ್ದಳು. ಇವನ ವೀಸಾ ಕೂಡ ಆಗಿತ್ತು. ಊರಿಗೆ ಊರೇ ಇವನ ಅದೃಷ್ಟ ಹೊಗಳುವಾಗ, ಹೋಗಬೇಡ ಅನ್ನಲು ನಾನು ಇವನಿಗೆ ಏನಾಗಬೇಕು?

"ಶೇನಾ ಅಂದ್ರೆ ಏನು ಗೊತ್ತಾ?" ಎಂದ. ಚರ್ಚಿನಲ್ಲಿ ಮಕ್ಕಳಿಗೆ ಹಳೇ ಅರಾಮಿಕ್ ಹೇಳಿಕೊಡುವವನಿಗೆ ಈ ಚಟ ಬಿಡದು.

"ನೆಮ್ಮದಿ. ಇದೂ ಗೊತ್ತಿಲ್ವಾ ಮೇಷ್ಟ್ರೇ, ನನಗೆ?"

"ಹಳೇ ಬರಹಗಳಲ್ಲಿ ಉತ್ತ ನೆಲಕ್ಕೂ ಅದೇ ಮಾತು. ಬೆಂಗಾಡಲ್ಲ, ಜನ ಇದ್ದು ಬಿತ್ತಿ ಬೆಳೆಯೋ ನೆಲ. ಪಳಗಿಸು ಅನ್ನೋದಕ್ಕೂ ಅದೇ ಬೇರು."

"ನಿನ್ನನ್ನ ಮಾತ್ರ ಯಾರೂ ಪಳಗಿಸ್ಲಿಲ್ಲ ನೋಡು."

"ಯಾರೂ ಕೈ ಹಾಕ್ಲಿಲ್ಲ," ಎಂದ, ನನ್ನನ್ನೇ ನೋಡುತ್ತ. ನಾನು ಗೋಧಿ ಕಡೆ ತಿರುಗಿದೆ.

ಅವನೂ ಬಗ್ಗಿ ಗೋಧಿ ಹರವುತ್ತ ಮೆಲ್ಲಗೆ ಹೇಳಿದ: "ಐಸಿಸ್‌ಗೆ ಹೆದರಿ ಆ ಬೇಸಿಗೇಲಿ ಊರು ಬಿಟ್ಟು ಓಡಿದ್ವಲ್ಲ, ಆಗ ಯಾರೂ ಯಾರಿಗೂ ಈ ಮಾತು ಹೇಳ್ಲಿಲ್ಲ."

"ಎಲ್ರೂ ಹೊರಟವರೇ. ಹೇಳಿಸ್ಕೊಳ್ಳೋಕೆ ಉಳಿದವರು ಯಾರಿದ್ರು?"

ಅವನು ತಲೆಯಾಡಿಸಿ ಇಳಿದುಹೋದ. ಉತ್ತರ ಕೊಡದೆ ಕಳಿಸಿದ್ದಕ್ಕೆ ನನ್ನ ಮೇಲೇ ನನಗೆ ಸಿಟ್ಟು ಬಂತು. ಪ್ರೀತಿಸುವವನ ಕಾಲಿಗೆ ಹಗ್ಗ ಕಟ್ಟುವುದು ಎಂಥ ಪ್ರೀತಿ?

ಬೆಳಿಗ್ಗೆ ಕನ್ನಡಿಯ ಮುಂದೆ ಆ ಮಾತನ್ನು ಹೇಳಿ ಹೇಳಿ ರೂಢಿ ಮಾಡಿಕೊಂಡು ಹೋದೆ. ಪೆಟ್ಟಿಗೆಗಳೆಲ್ಲ ಕಾರೇರಿದ್ದವು. ಹಾನೆ ಅತ್ತೆ ಒಬ್ಬೊಬ್ಬರನ್ನೂ ತಬ್ಬಿ, "ಶೇನಾದಲ್ಲಿರಿ, ಶೇನಾದಲ್ಲಿರಿ," ಎಂದು ಅಳುತ್ತಿದ್ದಳು. ನಾನು ಯಲ್ದಾನ ಎದುರು ನಿಂತೆ.

"ಶೇನಾದಲ್ಲಿ..." ಮುಂದಿನದು ಬರಲೇ ಇಲ್ಲ. ಕಣ್ಣೀರು ಮಾತ್ರ ನಾಚಿಕೆಯಿಲ್ಲದೆ ಬಂತು.

ಅವನು ನನ್ನನ್ನು ನೋಡಿದ. ಆಮೇಲೆ ತಿರುಗಿ ಅತ್ತೆಯ ಕೈಗೆ ಮುತ್ತಿಟ್ಟ.

"ಶೇನಾದಲ್ಲಿ ಹೋಗು, ಅತ್ತೆ."

ಅತ್ತೆ ಕೈ ಕಿತ್ತುಕೊಂಡಳು.

"ತಲೆ ಕೆಟ್ಟಿದೆಯೇನೋ? ಅದು ಉಳಿಯೋರು ಹೇಳೋ ಮಾತು!"

"ಗೊತ್ತು, ಅತ್ತೆ."

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ಇವಳಿಗೋಸ್ಕರಾನಾ? ಇರು ಅಂತ ಒಂದು ಮಾತಾದ್ರೂ ಅಂದಿದಾಳೇನೋ ಇವಳು?"

ಅಂದಿರಲಿಲ್ಲ. ಇಡೀ ಬೀದಿ ನನ್ನ ಬಾಯಿಯನ್ನೇ ನೋಡುತ್ತಿತ್ತು. ಈಗಲೂ ಸುಮ್ಮನಿದ್ದರೆ ಅವನು ಯಾರನ್ನು ನಂಬಿ ಉಳಿಯಬೇಕು?

"ಇಲ್ಲೇ ಇರ್ಲಿ ಅತ್ತೆ," ಎಂದೆ. "ನನಗೆ ಇವನು ಬೇಕು."

ಅತ್ತೆ ಮೂಗು ಒರೆಸಿಕೊಂಡಳು. "ಬೇಕಾದ್ರೆ ಇವನ ಪೆಟ್ಟಿಗೆ ನೀನೇ ಇಳಿಸ್ಕೋ. ನನ್ನ ಸೊಂಟದಲ್ಲಿ ಶಕ್ತಿ ಇಲ್ಲ."

ಕಬ್ಬಿಣ ತುಂಬಿದ್ದನೋ ಏನೋ, ಅಷ್ಟು ಭಾರ. ಯಲ್ದಾ ಓಡಿಬಂದು ಇನ್ನೊಂದು ಹಿಡಿಗೆ ಕೈ ಹಾಕಿದ. ನಾನು ಬಿಡಲಿಲ್ಲ. ಒಬ್ಬಳೇ ಇಳಿಸಿದೆ.